ನಲವತ್ತೇಳು ಕಿಲೋ ಕಬ್ಬಿಣ

ಶಾಲೆಯಿಂದ ಬಂದ ಚೀಟಿಯನ್ನು ತಕ್ಕಡಿ ರಿಪೇರಿಯವನು ಮೂರು ಸಲ ಓದಿದ. ಮೂರು ಸಲವೂ ಮೈ ಉರಿಯಿತು. ಮಗಳ ವಯಸ್ಸು ಒಂಬತ್ತು, ತೂಕ ನಲವತ್ತೇಳು ಕಿಲೋ, ಇದು ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಮುಂದಿನ ವಾರದೊಳಗೆ ಮಗುವನ್ನು ಡಾಕ್ಟರಿಗೆ ತೋರಿಸತಕ್ಕದ್ದು. ತೋರಿಸತಕ್ಕದ್ದಂತೆ! ಯಾರಿಗೆ ಹೇಳುತ್ತಿದ್ದಾರೆ ಇವರು? ಇಪ್ಪತ್ತೆರಡು ವರ್ಷದಿಂದ ಊರಿನ ಅರ್ಧಕ್ಕರ್ಧ ತಕ್ಕಡಿಗಳನ್ನು ಬಿಚ್ಚಿ ಜೋಡಿಸಿದವನಿಗೆ ತೂಕದ ಪಾಠ ಹೇಳಲು ಬಂದಿದ್ದಾರೆ.

ಅವರ ತಕ್ಕಡಿ ಕೆಟ್ಟಿದೆ ಎಂದು ಅವನು ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟ. ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದಿದ್ದ ಹೆಂಡತಿ ಟೀವಿಯಿಂದ ಕಣ್ಣು ಕೀಳದೆಯೇ ಹೇಳಿದಳು:

"ಅಂಗಡೀಲಿ ಹನ್ನೊಂದು ತಕ್ಕಡಿ ಇಟ್ಕೊಂಡಿದ್ದೀರಲ್ಲ. ಒಂದರ ಮೇಲೆ ನಿಲ್ಲಿಸಿ ನೋಡಿ."

"ನನ್ನ ಮಗಳೇನು ಈರುಳ್ಳಿ ಮೂಟೆನಾ?"

ಮಾತೇನೋ ಖಡಕ್ಕಾಗಿತ್ತು, ಆದರೆ ಅದು ಉತ್ತರವಲ್ಲ. ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಅಂಗಡಿಯ ದೊಡ್ಡ ತಕ್ಕಡಿಯ ಮೇಲೆ ಅವಳನ್ನು ನಿಲ್ಲಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತೂಕ ಬರೆಯುತ್ತಿದ್ದವನು ಇವನೇ. ಹುಟ್ಟಿದಾಗ ಎರಡು ಕಿಲೋ ಚಿಲ್ಲರೆ ಇದ್ದ ಕೂಸು. ಅದಕ್ಕೇ ಗುಬ್ಬಿ ಎಂದು ಕರೆದದ್ದು, ಹೆಸರು ಹಾಗೇ ಅಂಟಿಕೊಂಡಿತು. ಗೋಡೆಯ ಲೆಕ್ಕ ಮಾತ್ರ ಏಳನೇ ವರ್ಷಕ್ಕೆ ನಿಂತಿತ್ತು. ಯಾಕೆ ನಿಲ್ಲಿಸಿದೆ ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ.

ಗುಬ್ಬಿ ಮೂಲೆಯಲ್ಲಿ ಅಮ್ಮನ ಫೋನು ಹಿಡಿದು ಕೂತಿದ್ದಳು. ಕಾರ್ಟೂನಿನ ಸದ್ದು ಕಡಿಮೆ ಮಾಡಿ, ತಲೆ ಎತ್ತದೆ, ನೆಲಕ್ಕೆ ಹೇಳುವ ಹಾಗೆ ಹೇಳಿದಳು. ತೂಕ ನೋಡುವ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರಂತೆ. ಒಬ್ಬರು ಕೂಗುವುದು, ಇನ್ನೊಬ್ಬರು ಬರೆಯುವುದು. ಅವತ್ತಿನಿಂದ ಕ್ಲಾಸಿನಲ್ಲಿ ಅವಳ ಹೆಸರು ನಲವತ್ತೇಳು. ಏ ನಲವತ್ತೇಳು, ರಬ್ಬರ್ ಕೊಡೇ, ಅನ್ನುತ್ತಾರಂತೆ.

ಅವನ ಪಿತ್ತ ನೆತ್ತಿಗೇರಿತು. "ನಾಳೆ ನಾನೇ ಬರ್ತೀನಿ. ಆ ತಕ್ಕಡಿ ಬಣ್ಣ ಎಲ್ಲರ ಮುಂದೆ ಬಯಲು ಮಾಡ್ತೀನಿ. ಆಮೇಲೆ ಯಾರು ಹಾಗೆ ಕರೀತಾರೋ ನೋಡೇಬಿಡೋಣ," ಎಂದು ಮಗಳಿಗೆ ಮಾತು ಕೊಟ್ಟ. ಗುಬ್ಬಿ ಎಷ್ಟೋ ದಿನದ ಮೇಲೆ ಫೋನು ಕೆಳಗಿಟ್ಟು ಅಪ್ಪನ ಮುಖ ನೋಡಿದಳು.

ತಕ್ಕಡಿಯ ವಿಷಯದಲ್ಲಿ ಅವನು ಬಲು ಖಡಾಖಂಡಿ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಹೋದ ಶನಿವಾರವಷ್ಟೇ ಗುಜರಿಯವನೊಬ್ಬ ತನ್ನ ತಕ್ಕಡಿ ತಂದು, ಜನ ತಂದು ಮಾರುವ ಕಬ್ಬಿಣದ ತೂಕ ಒಂದಿಷ್ಟು ಕಡಿಮೆ ತೋರಿಸುವ ಹಾಗೆ ಮಾಡಿಕೊಡಿ ಎಂದು ಹಲ್ಲು ಗಿಂಜಿದ್ದ. ಇವನು ಬಾಯಿಗೆ ಬಂದಂತೆ ಬೈದು, ತಕ್ಕಡಿಯನ್ನೂ ಅವನನ್ನೂ ಬೀದಿಗೆ ದಬ್ಬಿದ. ಕದಿಯಬೇಕು ಅಂದರೆ ನೇರವಾಗಿ ಕದಿ, ನನ್ನ ಕೈಯಲ್ಲಿ ಯಾಕೆ ಮಾಡಿಸುತ್ತೀಯ ಎಂದು ಕೇಳಿದ್ದು ಎದುರಿನ ಬೇಕರಿಯವರೆಗೂ ಕೇಳಿಸಿತ್ತು. ಗುಬ್ಬಿಯೂ ಅಲ್ಲೇ ಇದ್ದಳು. ಶನಿವಾರ ಮಧ್ಯಾಹ್ನ ಅವಳಿಗೆ ಅಂಗಡಿಯಲ್ಲಿ ಕೆಲಸ: ಅವನು ತೂಕದ ಬಟ್ಟು ಇಡುತ್ತಾನೆ, ಅವಳು ತಕ್ಕಡಿ ತೋರಿಸಿದ ಅಂಕಿ ಓದಿ ಹೇಳುತ್ತಾಳೆ, ಅವನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಒಂದು ಗ್ರಾಮು ಆಚೆ ಈಚೆ ಹೇಳಿದವಳಲ್ಲ.

ಮಾರನೆಯ ಬೆಳಿಗ್ಗೆ ಇಪ್ಪತ್ತು ಕಿಲೋದ ಎರಡು ಬಟ್ಟುಗಳನ್ನು ಎರಡು ಕೈಯಲ್ಲಿ ಹಿಡಿದು, ಐದು ಮತ್ತು ಎರಡು ಕಿಲೋದವನ್ನು ಹೆಗಲಿನ ಚೀಲಕ್ಕೆ ಹಾಕಿಕೊಂಡು ಅವನು ಶಾಲೆಯ ಮೆಟ್ಟಿಲು ಹತ್ತಿದ. ಲೆಕ್ಕಕ್ಕೆ ಸರಿಯಾಗಿ ನಲವತ್ತೇಳು. ಮಕ್ಕಳ ತೂಕ ನೋಡುವ ನರ್ಸಮ್ಮನ ಕೋಣೆ ಎರಡನೇ ಮಹಡಿಯಲ್ಲಿತ್ತು. ಮೊದಲ ತಿರುವಿನಲ್ಲೇ ಏದುಸಿರು ಬಂತು, ಎರಡನೆಯದರಲ್ಲಿ ಗೋಡೆಗೆ ಒರಗಿದ. ಕಟ್ಟಡ ಕಟ್ಟಿದವರನ್ನೂ ಸೇರಿಸಿ ಎಲ್ಲರಿಗೂ ಶಾಪ ಹಾಕಿದ.

ನರ್ಸಮ್ಮ ಕನ್ನಡಕದ ಮೇಲಿಂದ ಆ ಕಬ್ಬಿಣವನ್ನು ನೋಡಿದರು. ಅವನು ಅವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ಪರೀಕ್ಷೆ ಮಾಡದ ತಕ್ಕಡಿಯ ಮೇಲೆ ಮಕ್ಕಳನ್ನು ನಿಲ್ಲಿಸುತ್ತೀರಿ, ಸಂತೆಯಲ್ಲಿ ಹರಾಜು ಕೂಗಿದ ಹಾಗೆ ಕೂಗುತ್ತೀರಿ, ನಿಮ್ಮ ಮನೆ ಮಕ್ಕಳಿಗೆ ಹೀಗೆ ಮಾಡುತ್ತೀರಾ ಎಂದು ಹರಿಹಾಯ್ದ. ಕೂಗಿದ್ದು ತಪ್ಪು, ಅದನ್ನು ಒಪ್ಪುತ್ತೇನೆ, ಇನ್ನು ಹಾಗಾಗುವುದಿಲ್ಲ ಎಂದರು ನರ್ಸಮ್ಮ. ಅಷ್ಟು ಬೇಗ ಒಪ್ಪಿಕೊಂಡುಬಿಟ್ಟರೆ ಜಗಳ ಆಡುವುದು ಹೇಗೆ? ಅವನಿಗೆ ಇನ್ನೂ ಸಿಟ್ಟು ಬಂತು. ಮಗಳನ್ನು ಕರೆಸಿ, ಅವಳ ಎದುರಿಗೇ ಆಗಲಿ ಎಂದ.

ಗುಬ್ಬಿ ಬಂದು ತಕ್ಕಡಿಯ ಪಕ್ಕ ನಿಂತಳು. ಯಾರೂ ಹೇಳದಿದ್ದರೂ ಶನಿವಾರದ ಕೆಲಸ ಶುರು ಮಾಡಿದಳು. ಅವನು ಮೊದಲ ಬಟ್ಟು ಇಟ್ಟ. "ಇಪ್ಪತ್ತು," ಎಂದಳು. ಎರಡನೆಯದು. "ನಲವತ್ತು." ಐದು ಇಟ್ಟ. "ನಲವತ್ತೈದು." ಕೊನೆಗೆ ಎರಡು ಕಿಲೋದ್ದನ್ನೂ ಇಟ್ಟ. ಗುಬ್ಬಿ ಅಂಕಿ ನೋಡಿದಳು, ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಕೂದಲೆಳೆಯಷ್ಟೂ ತಪ್ಪಿಲ್ಲದ ತಕ್ಕಡಿ. ಇಂಥದ್ದನ್ನು ಬೇರೆಲ್ಲಾದರೂ ಕಂಡಿದ್ದರೆ ಅವನೇ ಬೆನ್ನು ತಟ್ಟಿ ಹೊಗಳುತ್ತಿದ್ದ.

ಅವನು ಬಟ್ಟುಗಳನ್ನು ಕೆಳಗಿಳಿಸಿ, ಮಂಡಿಯೂರಿ ಕೂತು ತಕ್ಕಡಿಯನ್ನು ಮಗುಚಿ ಅಡಿಭಾಗ ನೋಡಿದ, ಕಾಲಿನ ತಿರುಪು ಮುಟ್ಟಿ ನೋಡಿದ. ಏನಾದರೂ ಸಿಗಲೇಬೇಕಿತ್ತು, ಮಗಳಿಗೆ ಮಾತು ಕೊಟ್ಟಿದ್ದ. ನರ್ಸಮ್ಮ ಕಿಟಕಿಯ ಕಡೆ ತಿರುಗಿ ನಿಂತರು. ಆಗ ಗುಬ್ಬಿ ಅವನ ಕಿವಿಯ ಹತ್ತಿರ ಬಗ್ಗಿದಳು.

"ಅಪ್ಪಾ, ನೀನೇ ಸ್ವಲ್ಪ ಕಡಿಮೆ ತೋರಿಸೋ ಹಾಗೆ ಮಾಡಿಬಿಡಪ್ಪ."

"ಏನಂದೆ?"

"ಆ ಫಾರಂ ಬಂದಿತ್ತಲ್ಲ, ಅದರಲ್ಲಿ ಕಡಿಮೆ ಬರೆದೆಯಲ್ಲ. ಹಾಗೇ."

ಕಪಾಳಕ್ಕೆ ಬಾರಿಸಿದ ಹಾಗಾಯಿತು ಅವನಿಗೆ. ಎರಡು ವಾರದ ಹಿಂದೆ ಶಾಲೆಯಿಂದ ಒಂದು ಫಾರಂ ಬಂದಿದ್ದು ನಿಜ. ಊಟಕ್ಕೆ ಕೂತಾಗ ತುಂಬಿದ್ದ. ಅವನ ಫೋನು ನೀರಿನ ಜಗ್ಗಿಗೆ ಒರಗಿ ನಿಂತಿತ್ತು, ಅದರಲ್ಲಿ ಯಾರೋ ತುಕ್ಕು ಹಿಡಿದ ಯಂತ್ರ ಬಿಚ್ಚುತ್ತಿದ್ದ. ದಿನವೆಲ್ಲ ರಿಪೇರಿ ಮಾಡಿ ಬಂದವನಿಗೆ ಮನೆಯಲ್ಲಿ ನೋಡಲಿಕ್ಕೂ ರಿಪೇರಿಯೇ ಬೇಕು. ಹೆಂಡತಿ ಟೀವಿ ನೋಡುತ್ತಿದ್ದಳು. ಗುಬ್ಬಿ ಅಮ್ಮನ ಫೋನು ನೋಡುತ್ತಿದ್ದಳು. ತಟ್ಟೆ ಎರಡು ಸಲ ತುಂಬಿತು, ಎರಡು ಸಲ ಖಾಲಿಯಾಯಿತು, ಬಡಿಸಿದವಳಿಗೂ ಗಮನವಿಲ್ಲ, ತಿಂದವಳಿಗೂ ಇಲ್ಲ. ಮಗು ಎಷ್ಟು ಹೊತ್ತು ಫೋನು, ಟೀವಿ ನೋಡುತ್ತದೆ ಎಂಬುದಕ್ಕೆ ಅವನು ಅರ್ಧ ಗಂಟೆ ಎಂದು ಬರೆದ. ತಂದೆ ತಾಯಿ ಎಷ್ಟು ಹೊತ್ತು ಎಂಬುದಕ್ಕೆ ಒಂದು ಗೀಟು ಎಳೆದ. ಇವರಿಗ್ಯಾಕೆ ಬೇಕು ನಮ್ಮ ಮನೆ ಉಸಾಬರಿ ಎಂದು ಗೊಣಗಿ ರುಜು ಹಾಕಿದ. ಮೂಗಿನ ಮುಂದೆ ಕೂತಿದ್ದ ಮಗಳು ತಾನು ಬರೆದದ್ದನ್ನು ಓದುತ್ತಿದ್ದಾಳೆ ಎಂದು ಹೊಳೆಯಲೇ ಇಲ್ಲ.

ಗುಜರಿಯವನ ಮುಖ ಕಣ್ಣ ಮುಂದೆ ಬಂತು. ಅವನನ್ನು ಬೀದಿಗೆ ದಬ್ಬಿದ ಮಹಾಸತ್ಯವಂತ! ಥೂ ನಿನ್ನ, ಎಂದು ತನಗೇ ಉಗಿದುಕೊಂಡ. ಅಷ್ಟು ಹೊತ್ತು ಕೂಗಾಡಿದ ಸಿಟ್ಟೆಲ್ಲ ಹಾಗೇ ಇತ್ತು, ಅದನ್ನು ಕಾರಲಿಕ್ಕೆ ಮಾತ್ರ ಎದುರಿಗೆ ಬೇರೆ ಯಾರೂ ಉಳಿದಿರಲಿಲ್ಲ.

"ತಕ್ಕಡಿ ಸರಿಯಾಗಿದೆ ಗುಬ್ಬಿ. ಅದನ್ನ ಮುಟ್ಟೋದಿಲ್ಲ," ಎಂದ. ಮಗಳ ಮುಖ ಬಾಡಿತು. ಅವನು ಎದ್ದು ನಿಂತು ನರ್ಸಮ್ಮನನ್ನು ಕೇಳಿದ: "ನಾನು ಬರೆದುಕೊಟ್ಟ ಫಾರಂ ಇದೆಯಾ?"

ಅವರು ಕಡತದಿಂದ ತೆಗೆದುಕೊಟ್ಟರು. ಅವನು ಅರ್ಧ ಗಂಟೆಯನ್ನು ಹೊಡೆದುಹಾಕಿ, ಪೆನ್ನು ಹಿಡಿದು, ಮಗಳ ಕಡೆ ನೋಡಿದ.

"ಇದ್ದದ್ದು ಇದ್ದ ಹಾಗೆ ಹೇಳು. ದಿನಕ್ಕೆ ಎಷ್ಟು ಹೊತ್ತು ನೋಡ್ತೀಯ?"

ಗುಬ್ಬಿ ನರ್ಸಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ನಾಲ್ಕು ಗಂಟೆ. ರಜಾ ದಿನ ಏಳು."

ಬರೆದ. ಕೆಳಗಿನ ತಂದೆ ತಾಯಿಯ ಸಾಲಿಗೆ ಅವನು ಕೇಳುವವರೆಗೂ ಅವಳು ಕಾಯಲಿಲ್ಲ.

"ಅಮ್ಮ ಮೂರು. ನೀನು ಐದೂವರೆ."

"ಐದೂವರೆನಾ?"

"ಊಟದ ಹೊತ್ತಿಂದೂ ಸೇರಿಸಿ," ಎಂದಳು ಗುಬ್ಬಿ, ಶನಿವಾರದ ದನಿಯಲ್ಲಿ.

ಅವನು ಐದೂವರೆ ಎಂದು ಬರೆದ. ಒತ್ತಿ ಬರೆದ ರಭಸಕ್ಕೆ ಪೆನ್ನಿನ ಮೊನೆ ಕಾಗದ ತೂತು ಮಾಡಿ ಮೇಜಿಗೆ ತಾಗಿತು.