ಎರಡು ಬಾಟಲಿ, ಎರಡು ಹೆಸರು

೧೯೯೬ರ ಜೂನ್ ೧೨, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಭದ್ರಾವತಿಯ ತಮ್ಮ ಬಾಡಿಗೆ ಮನೆಯ ಕಿಟಕಿಯ ಬಳಿ ನಿಂತು ಷಣ್ಮುಖಪ್ಪನವರು ಮಗಳ ಕಾಲೇಜು ಅರ್ಜಿಯನ್ನು ತಿರುಗಿಸಿ ಬೆಳಕಿಗೆ ಹಿಡಿದಿದ್ದರು. ‘ಆಯ್ದ ಕೋರ್ಸು’ ಎಂಬ ಸಾಲಿನ ಮುಂದೆ ಯಾರೋ ವೈಟ್ನರ್ ಬಳಿದಿದ್ದರು. ಅದರ ಮೇಲೆ ‘ಜೆ.ಒ.ಸಿ., ಲ್ಯಾಬ್ ಟೆಕ್ನಿಷಿಯನ್’ ಎಂದು ಬರೆದಿತ್ತು. ಅಡಿಯಲ್ಲಿ ಅವರೇ ಹೇಳಿ ಬರೆಸಿದ್ದ ‘ಪಿ.ಯು.ಸಿ. ವಿಜ್ಞಾನ’ ಹಿಂಬದಿಯಿಂದ ಮಸುಕಾಗಿ ಕಾಣುತ್ತಿತ್ತು. ಪೋಷಕರ ಸಹಿಯ ಜಾಗ ಖಾಲಿ. ಕೊನೆಯ ದಿನ ಶುಕ್ರವಾರ.

“ಯಾರು ಇದನ್ನ ತಿದ್ದಿದ್ದು?”

“ನಾನೇ ಅಪ್ಪಾಜಿ,” ಎಂದಳು ತನುಜಾ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ಎಂಬತ್ನಾಲ್ಕು ತಂದ ಹುಡುಗಿ.

“ನೀನು ಬರೆದಿರಬಹುದು. ಬರೆಸಿದ್ದು ಯಾರು?”

“ಯಾರೂ ಬರೆಸಿಲ್ಲ. ಎರಡು ವರ್ಷ ಕೈಯಲ್ಲಿ ಮಾಡಿ ಕಲೀತೀನಿ. ರಕ್ತ ನೋಡೋದು, ಸ್ಲೈಡ್ ಮಾಡೋದು. ಶಿವಮೊಗ್ಗದ ಆ ಕಾಲೇಜಿನ ವೆಂಕಟಾಚಲ ಸರ್ ನಮ್ಮ ಸ್ಕೂಲಿಗೆ ಬಂದು ತೋರಿಸಿದ್ರು. ನನಗೆ ಅದೇ ಇಷ್ಟ.”

“ಹಾಗೆ ಹೇಳು. ವೆಂಕಟಾಚಲ ಸರ್.”

ಹೆಂಡತಿ ವೀರಮ್ಮ ಒಳಗಿನಿಂದಲೇ ಕೂಗಿದರು. “ರೀ, ಅದು ಮಗಳ ಅರ್ಜಿ, ನಿಮ್ಮ ಫ್ಯಾಕ್ಟರಿ ಮಾಲಲ್ಲ. ಎಷ್ಟು ಸಲ ತಿರುಗಿಸ್ತೀರಿ?”

ಹೆಂಡತಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಷಣ್ಮುಖಪ್ಪನವರು ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಹತ್ತೊಂಬತ್ತು ವರ್ಷದಿಂದ ಅನುಮಾನ ಪಡುವುದಕ್ಕೇ ಸಂಬಳ. ಲೇತ್‌ನಿಂದ ಬಂದ ಬುಷ್ ಎಂಬ ಕಬ್ಬಿಣದ ಬಳೆಗಳನ್ನು ಅಳೆದು ಬರೆಯುವ ಹುಡುಗರು ಎಷ್ಟೋ ಸಲ ಅಳೆಯದೆಯೇ ಬರೆದುಬಿಡುತ್ತಾರೆ. ಅವರನ್ನು ಹಿಡಿಯಲು ಅಲ್ಲೊಂದು ಪದ್ಧತಿ ಇತ್ತು. ಒಂದೇ ಬುಷ್ಷನ್ನು ಬೆಳಿಗ್ಗೆ ಒಂದು ನಂಬರಿನಲ್ಲಿ, ಮಧ್ಯಾಹ್ನ ಇನ್ನೊಂದು ನಂಬರಿನಲ್ಲಿ ಅವರ ಮುಂದೆ ಕಳಿಸುವುದು. ಎರಡು ಅಳತೆ ತಾಳೆಯಾದರೆ ಹುಡುಗ ಪಾಸು. ಕಾರ್ಖಾನೆಯಲ್ಲಿ ಅದನ್ನು ‘ಕಳ್ಳ ಪೀಸು’ ಎನ್ನುತ್ತಿದ್ದರು.

ಜೆ.ಒ.ಸಿ. ಎಂದರೆ ಪಿ.ಯು.ಸಿ.ಯ ಬದಲಿಗೆ ಎರಡು ವರ್ಷ ಒಂದು ಕಸುಬು ಕಲಿಸುವ ಓದು. ಅವರ ಪ್ರಕಾರ ಅದು ಅಂಕ ಬಾರದವರು ಹೋಗುವ ಜಾಗ. ಎಂಬತ್ನಾಲ್ಕು ತಂದವಳನ್ನು ಒಬ್ಬ ಮೇಷ್ಟ್ರು ಅಲ್ಲಿಗೆ ಎಳೆಯುತ್ತಿದ್ದಾನೆಂದರೆ ಅವನಿಗೇನೋ ಲಾಭ ಇರಲೇಬೇಕು. ಅಂದು ಎರಡನೇ ಶಿಫ್ಟಿಗೆ ರಜೆ ಹಾಕಿ ಶಿವಮೊಗ್ಗದ ಬಸ್ಸು ಹತ್ತಿದರು.

ವೆಂಕಟಾಚಲ ಇನ್ನೂ ಮೂವತ್ತು ದಾಟದ, ತೋಳು ಮಡಚಿದ ಅಂಗಿಯ ತೆಳ್ಳಗಿನ ಮನುಷ್ಯ. ಕಾಲೇಜಿನ ಹಿಂಭಾಗದ ತಗಡಿನ ಕೋಣೆಯೇ ಅವರ ಲ್ಯಾಬು.

“ಮೇಷ್ಟ್ರೇ, ನಿಮ್ಮ ಕೋರ್ಸಿಗೆ ಎಷ್ಟು ಜನ ಬೇಕು?” ಷಣ್ಮುಖಪ್ಪನವರು ಸುತ್ತಿಬಳಸಲಿಲ್ಲ.

“ಇಪ್ಪತ್ತು, ಸಾರ್. ಇವತ್ತಿಗೆ ಹದಿನೆಂಟು ಆಗಿದೆ.”

“ಆಗದೆ ಹೋದ್ರೆ?”

“ಈ ವರ್ಷ ಸೆಕ್ಷನ್ ಇಲ್ಲ. ನಾನು ಪಾರ್ಟ್ ಟೈಮು. ನಾನೂ ಮನೆಗೆ.”

ಅವರು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಷಣ್ಮುಖಪ್ಪನವರಿಗೆ ಇನ್ನಷ್ಟು ಅನುಮಾನ ಹುಟ್ಟಿಸಿತು. ನಿಜ ಹೇಳಿ ನಂಬಿಸುವವರನ್ನೂ ಅವರು ಕಂಡಿದ್ದರು.

“ಅಂದ್ರೆ ನಿಮ್ಮ ಕೆಲಸ ಉಳಿಸ್ಕೊಳ್ಳೋಕೆ ನನ್ನ ಮಗಳು.”

“ಹಾಗೆ ಅಂದ್ಕೊಂಡ್ರೂ ಬೇಜಾರಿಲ್ಲ. ಆದ್ರೆ ಕೆಲಸ ಸರಿಯಾಗಿ ಕಲಿಸ್ತೀನಿ.”

ಕಿಟಕಿಯ ಬಳಿ ಎರಡನೇ ವರ್ಷದ ಒಬ್ಬ ಹುಡುಗಿ ರಿಜಿಸ್ಟರಿನಲ್ಲಿ ಅಂಕಿಗಳನ್ನು ಬರೆಯುತ್ತಿದ್ದಳು. ಹೆಸರು ಜಗದಾಂಬಾ. ಷಣ್ಮುಖಪ್ಪನವರು ಅತ್ತ ಗದ್ದ ಎತ್ತಿ ತೋರಿಸಿದರು. “ಈ ಮಕ್ಕಳು ಬರೆಯೋದು ಅಳೆದೋ, ಅಂದಾಜಿನ ಮೇಲೋ?”

ಜಗದಾಂಬಾ ತಲೆ ಎತ್ತದೆ ಹೇಳಿದಳು, “ರಕ್ತ ತಗೊಂಡು ಬನ್ನಿ ಅಂಕಲ್, ನೋಡೋಣ.”

ಬಸ್ಸಿನಲ್ಲಿ ಹಿಂದಿರುಗುವಾಗಲೇ ಅವರು ನಿರ್ಧರಿಸಿದ್ದರು. ಇವರಿಗೊಂದು ಕಳ್ಳ ಪೀಸು ಕಳಿಸಬೇಕು. ಅಂಕಿ ತಾಳೆಯಾಗದಿದ್ದರೆ ಮಗಳ ಎದುರು ಎರಡೂ ಚೀಟಿ ಇಟ್ಟುಬಿಡುವುದು. ಅಲ್ಲಿಗೆ ಅವಳ ಹಟ ಮುಗಿಯುತ್ತದೆ. ತಾಳೆಯಾದರೆ ಸಹಿ ಹಾಕಬೇಕಾಗುತ್ತದೆ; ಆದರೆ ಆಗುವುದಿಲ್ಲವೆಂಬ ಧೈರ್ಯ ಅವರಿಗಿತ್ತು.

ಗುರುವಾರವೂ ರಜೆ ಹಾಕಿ, ತಿಂಡಿ ತಿಂದು ಎರಡು ಗಂಟೆಯಾದ ಮೇಲೆ, ಎರಡು ಮನೆ ಆಚೆಯ ನರ್ಸ್ ಹುಲಿಗೆಮ್ಮನ ಮುಂದೆ ತೋಳು ಚಾಚಿದರು.

“ಎರಡು ಬಾಟ್ಲಿ ಯಾಕಣ್ಣ? ಒಂದು ವೀರಮ್ಮಂಗೆ ಕಾಣಿಕೆನಾ?”

“ತಮಾಷೆ ಆಮೇಲೆ ಮಾಡು ಮಾರಾಯ್ತಿ. ಯಾರಿಗೂ ಹೇಳ್ಬೇಡ. ನಮ್ಮ ಮನೇಲೂ.”

ರಕ್ತವನ್ನು ಹಾಗೇ ಇಟ್ಟರೆ ಅದರ ಕಣಗಳು ಸಕ್ಕರೆಯನ್ನು ತಿನ್ನುತ್ತ ಹೋಗುತ್ತವೆ, ಅಂಕಿ ಕೆಳಗಿಳಿಯುತ್ತದೆ. ಹಾಗಾಗದಂತೆ ಪುಡಿ ಹಾಕಿದ್ದ ಎರಡು ಪುಟ್ಟ ಬಾಟಲಿಗಳಿಗೆ ಹುಲಿಗೆಮ್ಮ ಒಂದೇ ಸಿರಿಂಜಿನ ರಕ್ತವನ್ನು ಹಂಚಿದಳು. ಷಣ್ಮುಖಪ್ಪನವರು ಒಂದಕ್ಕೆ ‘ಬಂಗಾರಪ್ಪ’, ಇನ್ನೊಂದಕ್ಕೆ ‘ಮಲ್ಲೇಶ್’ ಎಂದು ಚೀಟಿ ಅಂಟಿಸಿದರು. ಲ್ಯಾಬಿನಲ್ಲಿ, “ನಮ್ಮ ಕಾರ್ಖಾನೆಯವರದ್ದು, ಸಕ್ಕರೆ ನೋಡಿ,” ಎಂದು ಕೊಟ್ಟು ಹೊರಗಿನ ಕಟ್ಟೆಯ ಮೇಲೆ ಕುಳಿತರು. ಬಾಗಿಲ ಸಂದಿಯಿಂದ ಒಳಗೆ ಕಾಣುವ ಜಾಗವನ್ನೇ ಆರಿಸಿಕೊಂಡಿದ್ದರು.

ಒಂದೂವರೆ ಗಂಟೆಯಾಯಿತು. ಜಗದಾಂಬಾ ಅಳತೆ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದ್ದು ಕಂಡಿತು. ಸಿಕ್ಕಿಬಿದ್ದರು ಎಂದುಕೊಂಡರು. ಅಂಕಿ ಹೊಂದುತ್ತಿಲ್ಲ, ಹೊಂದಿಸುತ್ತಿದ್ದಾರೆ.

ವೆಂಕಟಾಚಲ ಬಾಗಿಲಿಗೆ ಬಂದು ಕರೆದರು. ಮೇಜಿನ ಮೇಲೆ ಎರಡು ಚೀಟಿ. ಬಂಗಾರಪ್ಪ, ೩೦೬. ಮಲ್ಲೇಶ್, ೩೦೯.

“ಅಂಕಲ್,” ಎಂದಳು ಜಗದಾಂಬಾ, “ಇವೆರಡೂ ಒಬ್ಬರದ್ದೇ ರಕ್ತ.”

“ಯಾಕೆ ಹಾಗಂತೀಯ?”

“ಎರಡರಲ್ಲೂ ಮೇಲಿನ ತಿಳಿ ಒಂದೇ ಥರ ಹಾಲು ಬೆರೆಸಿದ ಹಾಗಿದೆ. ಅನುಮಾನ ಬಂದು ಗ್ರೂಪ್ ನೋಡಿದೆ, ಎರಡೂ ಎಬಿ ನೆಗೆಟಿವ್. ನೂರು ಜನರಲ್ಲಿ ಒಬ್ಬರಿಗೂ ಸಿಗೋದು ಕಷ್ಟ. ಅದಕ್ಕೇ ಎಲ್ಲಾ ಇನ್ನೊಂದು ಸಲ ಮಾಡಿದೆ.”

ವೆಂಕಟಾಚಲ ನಗಲಿಲ್ಲ. “ನಮ್ಮನ್ನ ಪರೀಕ್ಷೆ ಮಾಡಿದ್ದು ಇರ್ಲಿ ಸಾರ್. ಈ ರಕ್ತ ಯಾರದ್ದಾದ್ರೂ ಸರಿ, ಅವರನ್ನ ಇವತ್ತೇ ಡಾಕ್ಟರ್ ಹತ್ರ ಕಳಿಸಿ. ಮುನ್ನೂರು ದಾಟಿದೆ. ಅವರಿಗೆ ಬಾಯಾರಿಕೆ ಜಾಸ್ತಿನಾ?”

ಷಣ್ಮುಖಪ್ಪನವರ ಬಾಯಿ ಆಗಲೇ ಒಣಗಿತ್ತು. ಆರು ತಿಂಗಳಿಂದ ಹಾಗೇ ಇತ್ತು. ಕಾರ್ಖಾನೆಯ ಕಾವು ಎಂದುಕೊಂಡಿದ್ದರು. ಮೊದಲು ಬಂದದ್ದು ಹೆದರಿಕೆಯಲ್ಲ, ಹಳೆಯ ಅನುಮಾನವೇ. ಹೆದರಿಸಿ ಸಹಿ ಹಾಕಿಸುವ ಉಪಾಯವಿರಬಹುದು. ತನುಜಾ ಮೊದಲೇ ಹೇಳಿ ಕಳಿಸಿರಬಹುದು. ಆದರೆ ತನುಜಾಗೇ ಗೊತ್ತಿರಲಿಲ್ಲ. ಹುಲಿಗೆಮ್ಮನಿಗೆ ರಕ್ತ ಎಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ಈ ಹುಡುಗಿಗೆ ರಕ್ತ ಯಾರದೆಂದು ಗೊತ್ತಿರಲಿಲ್ಲ. ಎಲ್ಲ ಬಾಗಿಲುಗಳನ್ನೂ ಅವರೇ ಒಂದೊಂದಾಗಿ ಮುಚ್ಚಿದ್ದರು. ಗುರುತೇ ಇಲ್ಲದ ಬಾಟಲಿಗೆ ಯಾರು ಯಾಕೆ ಸುಳ್ಳು ಬರೆಯುತ್ತಾರೆ? ಪರೀಕ್ಷೆ ಎಷ್ಟು ಬಿಗಿಯಾಗಿತ್ತೆಂದರೆ, ಬಂದ ಉತ್ತರವನ್ನು ನಂಬದಿರಲು ಅವರಿಗೇ ಒಂದು ಸಂದಿಯೂ ಉಳಿದಿರಲಿಲ್ಲ.

“ನಂದೇ,” ಎಂದರು.

ಸಂಜೆ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿ ಎರಡು ಚೀಟಿಗಳನ್ನೂ ಮಗಳ ಮುಂದೆ ಇಟ್ಟರು. ಓದಿ ತನುಜಾ ಮುಖ ಕೆಂಪಗೆ ಮಾಡಿಕೊಂಡಳು.

“ನನ್ನ ಮಾತು ನಂಬೋಕೆ ನಿಮಗೆ ರಕ್ತ ಬೇಕಾಯ್ತಾ ಅಪ್ಪಾಜಿ?”

“ನಿನ್ನನ್ನಲ್ಲ, ಅವರನ್ನ.”

“ನನ್ನನ್ನೇ.”

ಷಣ್ಮುಖಪ್ಪನವರು ಎರಡು ಚೀಟಿಗಳನ್ನೂ ಅಂಚು ಕೂಡಿಸಿ ಇಟ್ಟರು. ಆಮೇಲೆ ಕೇಳಿದರು, “ಡಾಕ್ಟರ್ ಆಗಬಹುದಿತ್ತಲ್ಲೇ. ಎಂಬತ್ನಾಲ್ಕು ಬಂದಿದೆ. ಆಮೇಲೆ ಹೊಟ್ಟೆ ಉರ್ಕೊಳ್ಳಲ್ವಾ?”

“ಉರ್ಕೊಂಡ್ರೆ ನಾನು ಉರ್ಕೋತೀನಿ. ಡಾಕ್ಟರ್ ಬರೆಯೋದು ಈ ಚೀಟಿ ನೋಡಿ ತಾನೆ? ಈ ಚೀಟಿ ನಾನು ಬರೀಬೇಕು.”

ವೀರಮ್ಮ ಗಂಡನ ಕಾಫಿಯ ಲೋಟ ಎತ್ತಿಕೊಂಡು ಹೋಗಿ, ಸಕ್ಕರೆಯಿಲ್ಲದ ಇನ್ನೊಂದು ತಂದಿಟ್ಟರು.

ಬರಿಹೊಟ್ಟೆಯಲ್ಲಿ ಇನ್ನೊಮ್ಮೆ ರಕ್ತ ನೋಡಿಸಲು ಡಾಕ್ಟರ್ ಹೇಳಿದ್ದರು; ಶುಕ್ರವಾರ ಅಪ್ಪ ತಿಂಡಿ ತಿನ್ನದೆ, ಮಗಳು ಅರ್ಜಿ ಹಿಡಿದು, ಮೊದಲ ಬಸ್ಸಿಗೆ ಹೊರಟರು. ವೈಟ್ನರ್ ಬಳಿದ ಹಾಳೆಯನ್ನು ಕೌಂಟರಿನವರು ತೆಗೆದುಕೊಳ್ಳಲಾರರೆಂದು ಷಣ್ಮುಖಪ್ಪನವರೇ ಹೊಸ ಅರ್ಜಿ ತರಿಸಿದರು. ತನುಜಾ ಬರೆದಳು, ಅವರು ಅಕ್ಷರ ಅಕ್ಷರ ಓದಿ ಸಹಿ ಹಾಕಿದರು. ದಾಖಲಾತಿ ಪುಸ್ತಕದಲ್ಲಿ ಅವಳ ಕ್ರಮಸಂಖ್ಯೆ ಇಪ್ಪತ್ತೊಂದು. ಸೆಕ್ಷನ್ ಅವಳಿಲ್ಲದೆಯೇ ಉಳಿದಿತ್ತು. ಅದನ್ನು ಅವರು ಎರಡು ಸಲ ನೋಡಿದರು.

ಲ್ಯಾಬಿನಲ್ಲಿ ಜಗದಾಂಬಾ ಸೂಜಿ ಹಿಡಿದಾಗ ತನುಜಾ ಅಪ್ಪನ ತೋಳಿನ ಪಟ್ಟಿ ಬಿಗಿದಳು.

“ಇವತ್ತು ಯಾವ ಹೆಸರು ಬರೀಲಿ ಅಂಕಲ್?”

“ಷಣ್ಮುಖಪ್ಪ. ಒಂದೇ ಬಾಟ್ಲಿ ಸಾಕು.”

ಹತ್ತೂವರೆಗೆ ಚೀಟಿ ಬಂತು. ಬರಿಹೊಟ್ಟೆಯಲ್ಲಿ ನೂರರ ಆಸುಪಾಸು ಇರಬೇಕಾದ ಸಕ್ಕರೆ, ನೂರು ಮಿಲಿಲೀಟರ್ ರಕ್ತಕ್ಕೆ ಇನ್ನೂರ ಹದಿನಾಲ್ಕು ಮಿಲಿಗ್ರಾಂ.