ಲ್ಯಾಮಿನೇಷನ್ ಮಾಡಿಸಿದ ಪದವಿ

“ಇದೇನು ಸರ್ಟಿಫಿಕೇಟೋ, ಹೋಟ್ಲಲ್ಲಿ ಮೇಜಿನ ಮೇಲೆ ಹಾಸೋ ಹಾಳೆಯೋ?”

ಎರಡನೇ ಕಿಟಕಿಯ ಗುಮಾಸ್ತ ಅವಳ ಪದವಿ ಪ್ರಮಾಣಪತ್ರವನ್ನು ಮೂಲೆಯಲ್ಲಿ ಹಿಡಿದೆತ್ತಿ ಎರಡು ಸಲ ಗಾಳಿಗೆ ಅಲ್ಲಾಡಿಸಿದ. ಪ್ಲಾಸ್ಟಿಕ್ಕು ದಬದಬ ಎಂದಿತು. ಸಾಲಿನಲ್ಲಿ ಹಿಂದಿದ್ದವರು ಯಾರೋ ಕಿಸಕ್ಕೆಂದರು.

“ಲ್ಯಾಮಿನೇಷನ್ ಮಾಡ್ಸಿದೆ ಸರ್,” ಎಂದಳು.

“ನಂಗೇನು ಕಣ್ಣಿಲ್ವಾ? ಯಾಕ್ ಮಾಡ್ಸಿದೆ ಅಂತ ಕೇಳ್ತಿರೋದು. ಹಿಂದುಗಡೆ ಕೊನೇ ಸಾಲು ಓದು. ಓದೋಕ್ ಬರತ್ತೋ, ಬರೀ ಡಿಗ್ರಿನೋ?”

ಪತ್ರದ ಬೆನ್ನಿನಲ್ಲಿ, ಕೆಳಗೆ, ಇರುವೆಯಂಥ ಅಕ್ಷರಗಳು. ಅವಳು ಓದಿಕೊಂಡಳು.

“ಜೋರಾಗಿ ಓದಮ್ಮ. ಹಿಂದಿನವ್ರಿಗೂ ಬುದ್ಧಿ ಬರ್ಲಿ.”

“ಈ ಪತ್ರವನ್ನು ಲ್ಯಾಮಿನೇಟ್ ಮಾಡತಕ್ಕದ್ದಲ್ಲ,” ಎಂದು ಅವಳು ಓದಿದಳು. ತರಗತಿಯಲ್ಲಿ ತಪ್ಪು ಲೆಕ್ಕ ಮಾಡಿ ನಿಂತ ಹುಡುಗಿಯ ಧ್ವನಿ ಬಂತು. ಅವಳಿಗೆ ಇಪ್ಪತ್ತೈದು ತುಂಬಿತ್ತು.

“ಯಾರು ಮಾಡ್ಸಿದ ಘನಂದಾರಿ ಕೆಲ್ಸ ಇದು?”

“ನಮ್ಮಪ್ಪ.”

“ಏನ್ ಮಾಡ್ಕೊಂಡಿದಾನೆ ನಿಮ್ಮಪ್ಪ?”

ಅರ್ಜಿಗಳಲ್ಲಿ ಆ ಕಾಲಮ್ಮಿಗೆ ಅವಳು ‘ಸ್ವಂತ ಉದ್ಯೋಗ’ ಎಂದು ಬರೆಯುತ್ತಿದ್ದಳು. ಬಾಯಲ್ಲಿ ಹೇಳುವಾಗ ಆ ಮಾತು ಹೊರಡಲಿಲ್ಲ. “ಇಸ್ತ್ರಿ ಮಾಡ್ತಾರೆ.”

“ಹಿಂದಿನ ಬೀದೀಲಿ ಗಾಡಿ ನಿಲ್ಸ್ಕೊಂಡಿರೋ ಇಸ್ತ್ರಿನಾ? ಅವ್ನ ಮಗಳಾ ನೀನು?” ಗುಮಾಸ್ತ ಪಕ್ಕದ ಕಿಟಕಿಯವನ ಕಡೆ ತಿರುಗಿದ. “ನೋಡ್ರೀ, ಇಸ್ತ್ರಿಯವ್ನ ಕೈಗೆ ಪದವಿ ಸಿಕ್ರೆ ಏನಾಗತ್ತೆ ಅಂತ. ಪಂಚೆ ಅಂದ್ಕೊಂಡು ಮಡಿಸದೇ ಇದ್ದದ್ದೇ ಪುಣ್ಯ.” ಮತ್ತೆ ಇವಳ ಕಡೆ ತಿರುಗಿ, “ಉಬ್ಬು ಮುದ್ರೆ ನನ್ನ ಬೆರಳಿಗೆ ಸಿಗ್ಬೇಕು. ಇದ್ರಲ್ಲಿ ಕಾಣೋದು ನನ್ನ ಮುಖ. ಪ್ಲಾಸ್ಟಿಕ್ ಕಿತ್ತು ತಗೊಂಡ್ ಬಾ, ಐದರೊಳಗೆ. ಇವತ್ತೇ ಕೊನೆ. ಇಲ್ಲಾಂದ್ರೆ ಪಟ್ಟೀಲಿ ನಿನ್ನ ಕೆಳಗಿರೋರನ್ನ ಕರೀತೀವಿ.”

“ಅದನ್ನ ಬರ್ದು ಕೊಡಿ ಸರ್.”

“ಏನನ್ನ?”

“ಲ್ಯಾಮಿನೇಷನ್ ಇದೆ ಅಂತ ತಗೊಳ್ಲಿಲ್ಲ ಅನ್ನೋದನ್ನ.”

“ಜೊತೆಗೆ ನಿನ್ನ ಮದ್ವೆ ಪತ್ರಿಕೆನೂ ಬರ್ಕೊಡ್ಲಾ? ನಡಿ ಆಚೆ. ಮುಂದಿನವ್ರು ಬನ್ರೀ.”

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ ಇತ್ತು.

ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ಮೂರು ವರ್ಷವಾಗಿತ್ತು. ಔಷಧಿ ಅಂಗಡಿಯೊಂದರಲ್ಲಿ ಬಾಟಲಿಗೆ ಚೀಟಿ ಅಂಟಿಸಿದ್ದಳು. ಟ್ಯೂಷನ್ ಕೇಂದ್ರದ ಕರಪತ್ರ ಹಂಚಿದ್ದಳು. ಬಣ್ಣದ ಕಾರ್ಖಾನೆಯಲ್ಲಿ ‘ಕಲಿಯುವ ಅವಧಿ’ ಎಂದು ಆರು ತಿಂಗಳು ಬಿಟ್ಟಿ ದುಡಿಸಿಕೊಂಡು, ಕಲಿತ ಮೇಲೆ ಮನೆಗೆ ಕಳಿಸಿದ್ದರು. ಕೊನೆಗೆ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದ ಸಹಾಯಕಿಯ ಹುದ್ದೆಗೆ ಪರೀಕ್ಷೆ ಬರೆದು, ಆರು ಜಾಗದಲ್ಲಿ ನಾಲ್ಕನೆಯವಳಾಗಿ ಬಂದಿದ್ದಳು. ಉಳಿದಿದ್ದದ್ದು ಮೂಲ ದಾಖಲೆ ತೋರಿಸುವುದೊಂದೇ.

ಮನೆಯ ಸೂರು ಸೋರುತ್ತಿತ್ತು. ಅವಳು ಬಣ್ಣದ ಕಾರ್ಖಾನೆಗೆ ಹೋಗಿದ್ದ ಒಂದು ದಿನ ಅಪ್ಪ ತಾನೇ ಪ್ರಮಾಣಪತ್ರವನ್ನು ಒಗೆದ ಟವಲಿನಲ್ಲಿ ಸುತ್ತಿಕೊಂಡು ಹೋಗಿ ಪ್ಲಾಸ್ಟಿಕ್ ಹಾಕಿಸಿ ತಂದಿದ್ದ. ಅಂಗಡಿಯವನು ಮೂವತ್ತು ವರ್ಷ ಏನೂ ಆಗಲ್ಲ ಎಂದಿದ್ದನಂತೆ. ಆಮೇಲೆ ಒಂದು ವಾರ ಅದು ಇಸ್ತ್ರಿ ಗಾಡಿಯಲ್ಲಿ, ಹ್ಯಾಂಗರಿನ ಅಂಗಿಗಳ ಪಕ್ಕದಲ್ಲೇ ತೂಗಾಡಿತ್ತು. ಬಟ್ಟೆ ಕೊಡಲು ಬಂದವರೆಲ್ಲ ನೋಡಲಿ ಎಂದು. ಅವಳೇ ಜಗಳ ಮಾಡಿ ಇಳಿಸಿದ್ದಳು. ಆ ಇರುವೆಯಂಥ ಸಾಲನ್ನು ಆಗಲೂ ಯಾರೂ ಓದಿರಲಿಲ್ಲ, ಓದಿದವಳೂ ಓದಿರಲಿಲ್ಲ.

ಅವಳು ಹಿಂದಿನ ಬೀದಿಯ ಗಾಡಿಗೆ ಬಂದಾಗ ಅಪ್ಪ ಯಾರದೋ ಸೀರೆಯ ಅಂಚು ಎಳೆದು ಹಿಡಿದು ಇಸ್ತ್ರಿಪೆಟ್ಟಿಗೆ ಆಡಿಸುತ್ತಿದ್ದ. ಅವನಿಗೆ ಜನ ನೆನಪಿರುವುದು ಬಟ್ಟೆಯಿಂದ. ಸಂಗತಿ ಕೇಳಿದವನೇ, “ಎರಡನೇ ಕಿಟಕಿ ಅಂದ್ರೆ ನಮ್ ಗಟ್ಟಿಗಂಜಿನಾ?” ಎಂದ. “ಕಾಲರ್‌ಗೆ ಕತ್ತು ಕುಯ್ಯೋ ಹಾಗೆ ಗಂಜಿ ಬೇಕು ಅಂತಾರಲ್ಲ, ಅವ್ರೇ ತಾನೇ? ಅವ್ರಾದ್ರೆ ನಾನ್ ಹೇಳ್ತೀನಿ ಬಾ. ಹನ್ನೆರಡು ವರ್ಷದ ಗಿರಾಕಿ ಕಣಮ್ಮ.”

“ಬೇಡ ಅಪ್ಪ. ಅವ್ರು ನಿನ್ನ ಮಾತಾಡಿಸೋ ರೀತಿ ನಂಗೆ ನೋಡಕ್ಕಾಗಲ್ಲ.”

“ನೋಡ್ಬೇಡ. ಆಚೆ ತಿರುಗಿ ನಿಂತ್ಕೋ.”

ಅವಳು ಆಚೆ ತಿರುಗಲಿಲ್ಲ. ಅಪ್ಪ ಚಪ್ಪಲಿಯನ್ನು ಕಚೇರಿಯ ಬಾಗಿಲಲ್ಲೇ ಬಿಟ್ಟ. ಯಾರೂ ಬಿಡಲು ಹೇಳಿರಲಿಲ್ಲ, ಒಳಗಿದ್ದವರೆಲ್ಲ ಬೂಟಿನಲ್ಲಿದ್ದರು. ಸಾಲಿನ ಪಕ್ಕದಲ್ಲಿ, ಕಿಟಕಿಗೆ ಓರೆಯಾಗಿ, ಯಾರಿಗೂ ಅಡ್ಡ ಬರದ ಹಾಗೆ ನಿಂತುಕೊಂಡ.

“ಸ್ವಾಮಿ, ನಾನು. ಇಸ್ತ್ರಿ.”

“ಬಾರಪ್ಪ ಬಾ, ಪ್ಲಾಸ್ಟಿಕ್ ಪಂಡಿತ.”

“ತಪ್ಪಾಯ್ತು ಸ್ವಾಮಿ. ಓದಿದೋನಲ್ಲ. ಮಗೂದು ಹಾಳಾಗ್ಬಾರ್ದು ಅಂತ ಮಾಡ್ಸಿಬಿಟ್ಟೆ. ತಾವು ದೊಡ್ಡ ಮನಸ್ಸು ಮಾಡ್ಬೇಕು.”

ಗುಮಾಸ್ತ ಕುರ್ಚಿಗೆ ಒರಗಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಕಪ್ಪು ಕೋಟನ್ನು ತೆಗೆದು ಕಿಟಕಿಯಿಂದ ಹೊರಗೆ ತಳ್ಳಿದ. “ಆರು ಗಂಟೆಗೆ ಒಂದು ಆರತಕ್ಷತೆ ಇದೆ. ಇದನ್ನ ಒಂದ್ ಕೈ ತಿಕ್ಕಿ ತಾ. ಆಮೇಲೆ ನೋಡೋಣ.”

ಅಪ್ಪ ಕೋಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಹೊರಗೆ ಬರುತ್ತಲೇ ಮುಖ ಅರಳಿಸಿ, “ನೋಡ್ದಾ? ನೋಡೋಣ ಅಂದ್ರು,” ಎಂದ. ಒದ್ದೆ ಬಟ್ಟೆ ಹಾಸಿ, ಭುಜದ ಒಳಗಿನ ಹತ್ತಿ ಉಬ್ಬುವ ಹಾಗೆ ಆವಿ ಕೊಟ್ಟು, ತೋಳಿನಲ್ಲಿ ಗೆರೆ ಬೀಳದ ಹಾಗೆ ಸುತ್ತಿದ ಟವಲು ತುರುಕಿ, ಇಪ್ಪತ್ತೈದು ನಿಮಿಷ ತಿಕ್ಕಿದ. ಅವಳು ಪಕ್ಕದಲ್ಲಿ ನಿಂತು ಒಳಗೊಳಗೇ ನಿಮಿಷ ಎಣಿಸಿದಳು. ಬೇಗ ಮಾಡು ಎಂದರೆ ಅವನ ಕೈ ಕೆಡುತ್ತದೆ ಎಂದು ಬಾಯಿ ಬಿಗಿಹಿಡಿದಳು.

ಗುಮಾಸ್ತ ಕೋಟನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. “ಪರವಾಗಿಲ್ಲ,” ಎಂದು ತೊಟ್ಟುಕೊಂಡ. ತೋಳು ಮುಂದಕ್ಕೆ ಚಾಚಿ ಅಳತೆ ನೋಡಿಕೊಂಡ. ಆಮೇಲೆ ಅವಳು ಮತ್ತೆ ಮುಂದಿಟ್ಟ ಪ್ರಮಾಣಪತ್ರ ಕೈಗೆತ್ತಿಕೊಂಡು, “ಇನ್ನೂ ಪ್ಲಾಸ್ಟಿಕ್ ಹಾಗೇ ಇದ್ಯಲ್ಲೋ,” ಎಂದ.

“ತಾವು ನೋಡೋಣ ಅಂದ್ರಿ ಸ್ವಾಮಿ.”

“ನೋಡ್ದೆನಲ್ಲ. ಹಾಗೇ ಇದೆ. ನಂಗೇ ಕಾನೂನು ಹೇಳಕ್ ಬರ್ತೀರೇನೋ ಬಡ್ಡಿಮಕ್ಳಾ? ಕೋಟು ತಿಕ್ಕಿದ್ರೆ ರೂಲ್ಸು ಮೆತ್ತಗಾಗತ್ತಾ? ಅಷ್ಟು ದೊಡ್ಡ ಪೆಟ್ಟಿಗೆ ಇದೆ, ಕಾಯ್ಸಿ ಕಿತ್ಕೊಂಡ್ ಬಾ.”

ಅಪ್ಪ ನಗುತ್ತಲೇ ಇದ್ದ. ಬೈಗುಳ ಬಿದ್ದಾಗ ಅವನ ಮುಖಕ್ಕೆ ತಾನಾಗಿಯೇ ಬರುವ ನಗೆ ಅದು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಎಡ ಬಲ ತಪ್ಪಿ ಮೆಟ್ಟಿಕೊಂಡ.

“ಅವ್ರು ಹೇಳಿದ್ದೂ ಸರಿನೇ,” ಎಂದ ಗಾಡಿಯ ಹತ್ತಿರ ಬಂದು. “ಕಾಯ್ಸಿದ್ರೆ ಬರತ್ತೆ. ರೇಷ್ಮೆ ಮೇಲಿನ ಮೇಣ ತೆಗ್ದಿದೀನಿ ನಾನು. ಮಖಮಲ್ ಮೇಲೆ ಅಂಟಿದ್ದ ಗೋಂದು ತೆಗ್ದಿದೀನಿ.”

“ಅಪ್ಪ, ಆ ಅಕ್ಷರದ ಮಸಿನೂ ಒಂಥರಾ ಪ್ಲಾಸ್ಟಿಕ್ಕೇ. ಬಿಸಿಗೆ ಎರಡೂ ಅಂಟ್ಕೊಂಡ್ರೆ…” ಎಂದು ಅವಳು ನಿಲ್ಲಿಸಿದಳು. ಮುಂದಿನದು ಅವಳಿಗೆ ಗೊತ್ತಿತ್ತು. ನಾಲ್ಕು ಗಂಟೆಯಾಗಿತ್ತು. ಬೇರೆ ದಾರಿ ಗೊತ್ತಿರಲಿಲ್ಲ.

“ನನ್ ಕೈ ಮೇಲೆ ನಂಬಿಕೆ ಇಲ್ವಾ?”

ಅವಳು ಇದೆ ಎಂದಳು.

ಅಪ್ಪ ಕೆಂಡದ ಮೇಲೆ ಬೂದಿ ಎಳೆದು ಬಿಸಿ ಇಳಿಸಿದ. ಪೆಟ್ಟಿಗೆಯ ತಳವನ್ನು ಕೆನ್ನೆಯ ಹತ್ತಿರ ತಂದು ಶಾಖ ನೋಡಿದ. ತೆಳು ಹತ್ತಿಬಟ್ಟೆಯ ಕೆಳಗೆ ಪ್ರಮಾಣಪತ್ರ ಮಲಗಿಸಿ, ಕೂಸಿನ ಬೆನ್ನು ತಟ್ಟುವ ಹಾಗೆ ಮುಟ್ಟಿ ಮುಟ್ಟಿ ಎತ್ತಿದ. ಅಂಚಿನಲ್ಲಿ ಉಗುರು ತೂರಿಸಿದ. ಬೆನ್ನಿನ ಪ್ಲಾಸ್ಟಿಕ್ಕು ಬಾಳೆಸಿಪ್ಪೆಯಂತೆ, ಒಂದು ಚೂರು ಕಾಗದ ಏಳದೆ, ಪೂರ್ತಿ ಬಂತು. ಅಪ್ಪ ಅವಳ ಕಡೆ ನೋಡಿದ. ಅವಳಿಗೂ ಒಂದು ಗಳಿಗೆ ಆಸೆ ಹುಟ್ಟಿತು.

ಮುಂಭಾಗವೂ ಅರ್ಧದವರೆಗೆ ಹಾಗೇ ಬಂತು. ಬಣ್ಣದ ಅಂಚು, ಲಾಂಛನ, ಉಬ್ಬು ಮುದ್ರೆ ಎಲ್ಲ ಇದ್ದಲ್ಲೇ ಇದ್ದವು. ನಡುವಿನ ಸಾಲುಗಳು ಮಾತ್ರ ಕಾಗದ ಬಿಟ್ಟು ಪ್ಲಾಸ್ಟಿಕ್ಕಿನ ಜೊತೆ ಎದ್ದವು. ಅಪ್ಪನಿಗೆ ಓದಲು ಬಾರದಿದ್ದರೂ ಕರಿ ಗೆರೆ ಜಾಗ ಬಿಡುತ್ತಿರುವುದು ಕಂಡಿತು. ಕೈ ನಿಲ್ಲಿಸಿದ. ನಿಲ್ಲಿಸಿದರೆ ಇನ್ನೂ ಅಂಟುತ್ತದೆ ಎಂದು ತಿಳಿದು ಎಳೆದುಬಿಟ್ಟ.

“ಏನ್ ಹೋಯ್ತಮ್ಮ?”

“ಹೆಸರು,” ಎಂದಳು. “ನಂದೂ ನಿಂದೂ. ನೋಂದಣಿ ಸಂಖ್ಯೆ. ದರ್ಜೆ.”

ಅಪ್ಪ ಪೆಟ್ಟಿಗೆಯನ್ನು ಕೆಳಗಿಟ್ಟ. ಇಡುವ ಜಾಗದಲ್ಲಿ ಇಡದೆ ಸೀರೆಯ ಮೇಲೇ ಇಟ್ಟ. ಅವಳೇ ಎತ್ತಬೇಕಾಯಿತು. ಅಷ್ಟರಲ್ಲಿ ಅಂಚು ಕಂದಿತ್ತು.

ನಾಲ್ಕೂ ಮುಕ್ಕಾಲಿಗೆ ಸಾಲು ಕರಗಿತ್ತು. ಅವಳ ಮುಂದೆ ಯಾರೂ ಇರಲಿಲ್ಲ, ಹಿಂದೆ ಒಬ್ಬ ಹೆಂಗಸು ಮಾತ್ರ ಇದ್ದಳು. ಅವಳು ಹೆಸರು ಕಿತ್ತುಹೋದ ತನ್ನ ಕಾಗದವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಪ್ಲಾಸ್ಟಿಕ್ಕನ್ನು ಅಂಚಿಗೆ ಅಂಚು ಕೂಡಿಸಿ ಇಟ್ಟಳು. ಅಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಕೂತವು.

ಗುಮಾಸ್ತ ಪ್ಲಾಸ್ಟಿಕ್ಕನ್ನು ಊದಿದ. ಅದು ಸರಿಯಿತು. “ಇದ್ಯಾರ್ದು? ಹೆಸ್ರೇ ಇಲ್ಲ.”

“ನೀವೇ ಕಿತ್ತು ತಾ ಅಂದ್ರಿ.”

“ಹೆಸ್ರು ಕಿತ್ತು ತಾ ಅಂದ್ನಾ? ಮೂಲ ದಾಖಲೆ ಹಾಳು ಮಾಡಿರೋದು ಇದು. ಪೊಲೀಸ್ರನ್ನ ಕರೀಬೇಕು, ಪಾಪ ಅಂತ ಸುಮ್ನಿದೀನಿ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕು. ಆರು ತಿಂಗಳಿಗೆ ಇನ್ನೊಂದು ಪ್ರತಿ ಕೊಡ್ತಾರೆ.”

“ಕೆಲ್ಸ ಅಲ್ಲಿವರ್ಗೂ ಇರತ್ತಾ ಸರ್?”

“ಕೆಲ್ಸ ಏನು ನಿನ್ ಗಂಡನಾ, ಕಾಯಕ್ಕೆ?”

ಹಿಂದಿದ್ದ ಹೆಂಗಸು, “ಬೇಗ ಬಿಡಮ್ಮ, ನಂದೂ ಇದೆ,” ಎಂದಳು.

ಆಗ ಒಳಗಿನ ಪಕ್ಕದ ಬಾಗಿಲು ತೆರೆದು ಒಬ್ಬ ಯುವಕ ಬಂದ. ಕೈಯಲ್ಲಿ ಟೀ ಲೋಟ, ಕಂಕುಳಲ್ಲಿ ಫೈಲು. ಸಾಲಿನಲ್ಲಿ ಅವನನ್ನು ಅವಳು ಬೆಳಗಿನಿಂದ ಕಂಡಿರಲಿಲ್ಲ. ಗುಮಾಸ್ತ ಅರ್ಧ ಎದ್ದ. “ಬನ್ನಿ ಬನ್ನಿ, ಸಾಹೇಬ್ರು ಫೋನ್ ಮಾಡಿದ್ರು. ತಂದೆಯವ್ರು ಆರಾಮಾ?” ಫೈಲು ಬಿಚ್ಚಿದ. ಮೇಲೇ ಇದ್ದದ್ದು ಪದವಿ ಪ್ರಮಾಣಪತ್ರ. ತಲೆಯ ಮೇಲಿನ ದೀಪ ಅದರಲ್ಲಿ ಉದ್ದಕ್ಕೆ ಹೊಳೆಯಿತು. “ಓ, ಲ್ಯಾಮಿನೇಷನ್ ಮಾಡ್ಸಿದೀರಿ,” ಎಂದ ಗುಮಾಸ್ತ. “ಪರವಾಗಿಲ್ಲ ಬಿಡಿ. ಜೋಪಾನವಾಗಿ ಇಟ್ಕೊಂಡಿದೀರಿ.” ಪಟ್ಟಿಯಲ್ಲಿ ಗೀಟು ಹಾಕಿ, ಒಪ್ಪಿದ ಫೈಲುಗಳ ಮೇಲೆ ಅದನ್ನಿಟ್ಟ.

ಅಪ್ಪ ಅವಳ ಪಕ್ಕದಲ್ಲೇ ಇದ್ದ. ಓದಲು ಬಾರದವನಿಗೂ ಆ ಹೊಳಪು ಓದಲು ಬಂತು. ಅವನ ಮುಖದ ಮೇಲಿನ ನಗೆ ಹೋಯಿತು. ಅದಿಲ್ಲದೆ ಆ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ.

“ಸರ್, ಅದೂ ಲ್ಯಾಮಿನೇಷನ್,” ಎಂದಳು.

“ಅದು ನಿಂಗ್ಯಾಕೆ? ಟೈಮಾಯ್ತು.” ಗುಮಾಸ್ತ ಜವಾನನ ಕಡೆ ಬೆರಳು ಅಲ್ಲಾಡಿಸಿದ. ಜವಾನ ಶಟರಿನ ಕೊಕ್ಕೆಗೆ ಕೋಲು ಸಿಕ್ಕಿಸಿದ.

“ಐದಕ್ಕೆ ಇನ್ನೂ ಏಳು ನಿಮಿಷ ಇದೆ.”

“ನನ್ ಗಡಿಯಾರದಲ್ಲಿ ಆಗಿದೆ. ಎಳಿಯೋ.”

ಅವಳು ಬಲಗೈಯನ್ನು ಕಿಟಕಿಯೊಳಗೆ ಮೊಣಕೈವರೆಗೆ ತೂರಿಸಿ, ಮೇಲಿದ್ದ ಪ್ರಮಾಣಪತ್ರದ ಮೂಲೆಯನ್ನು ಹಿಡಿದುಕೊಂಡಳು. ಶಟರು ಇಳಿದು ಬಂದು ಅವಳ ಮೊಣಕೈಯ ಮೇಲೆ ಕೂತಿತು.

“ಲೇ, ಬಿಡೇ ಅದನ್ನ. ಕಳ್ತನದ ಕೇಸ್ ಹಾಕಿಸ್ತೀನಿ.”

“ಹಾಕ್ಸಿ. ಏನ್ ಕದ್ದೆ ಅಂತ ಬರೀಬೇಕಾಗತ್ತೆ. ಅದ್ರ ಮೇಲೆ ಪ್ಲಾಸ್ಟಿಕ್ ಇತ್ತು ಅಂತಾನೂ ಬರೀರಿ.” ತನ್ನ ಧ್ವನಿ ಇಷ್ಟು ಸಣ್ಣಗೆ, ಇಷ್ಟು ಸ್ಪಷ್ಟವಾಗಿ ಬರುವುದನ್ನು ಅವಳೇ ಕೇಳಿಸಿಕೊಂಡಳು. “ನಂದು ಯಾಕ್ ತಗೊಳ್ಲಿಲ್ಲ, ಇದ್ಯಾಕ್ ತಗೊಂಡ್ರಿ, ಎರಡನ್ನೂ ಒಂದೇ ಹಾಳೇಲಿ ಬರ್ದು ಸಹಿ ಮಾಡಿ. ಬಿಡ್ತೀನಿ.”

“ಕೈ ಮುರಿಯತ್ತೆ ನೋಡು.”

“ಮುರೀರಿ.”

ಜವಾನ ಕೋಲು ಹಿಡಿದು ಗುಮಾಸ್ತನ ಮುಖ ನೋಡಿದ. ಗುಮಾಸ್ತ ಹಲ್ಲು ಕಚ್ಚಿ ಪ್ರಮಾಣಪತ್ರದ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಕಾಗದವಾಗಿದ್ದರೆ ಎರಡು ತುಂಡಾಗಬೇಕಿತ್ತು. ಅದು ಹರಿಯುವಂಥದ್ದಲ್ಲ. ಟೀ ಲೋಟ ಉರುಳಿತು. “ನನ್ ಸರ್ಟಿಫಿಕೇಟ್ ರೀ ಅದು,” ಎಂದು ಯುವಕ ಕೂಗಿಕೊಂಡ.

“ಬಿಡು ಮಗಳೇ,” ಎಂದು ಅಪ್ಪ ಹಿಂದಿನಿಂದ ಅವಳ ಭುಜ ಹಿಡಿದ. ಹಿಡಿದವನು ಎಳೆಯಲಿಲ್ಲ. ಹಿಂದಿದ್ದ ಹೆಂಗಸು ಸಾಲು ಬಿಟ್ಟು ಮುಂದೆ ಬಂದು, ಬಗ್ಗಿ, ಶಟರಿನ ಸಂದಿಯಿಂದ ಒಳಗೆ ನೋಡತೊಡಗಿದಳು.

“ಎಳಿಯೋ, ನೋಡ್ತಾ ನಿಂತಿದೀಯಲ್ಲೋ ಬೋಳಿಮಗನೆ,” ಎಂದು ಗುಮಾಸ್ತ ಅರಚಿದ.

ಶಟರು ಇನ್ನೊಂದು ಬೆರಳಿನಷ್ಟು ಇಳಿಯಿತು. ಒಳಗೆ ಅವಳ ಬೆರಳುಗಳು ಬಿಳಿಚಿಕೊಂಡವು. ಪ್ರಮಾಣಪತ್ರದ ಮೂಲೆ ಅವುಗಳ ನಡುವೆಯೇ ಇತ್ತು.