ಡರ್ತ್ ಪದಕ್ಕೊಂದು ಉದಾಹರಣೆ

ನಮ್ಮ ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯ ಸಂಪಾದಕರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಬೃಹಸ್ಪತಿ. ಹನ್ನೊಂದು ವರ್ಷದಿಂದ ಅಲ್ಲಿ ಕರಡು ತಿದ್ದುತ್ತಿದ್ದೇನೆ. ಆ ಮನುಷ್ಯ ಒಂದೇ ಒಂದು ಪುಟವನ್ನು ಪೂರ್ತಿ ಓದಿದ್ದನ್ನು ಕಂಡಿಲ್ಲ. ಪುಟದ ಮೂಲೆಯಲ್ಲಿ ಸಹಿ ಗೀಚಿದರೆ ಅವರ ವಿದ್ವತ್ತು ಮುಗಿಯಿತು.

ಅಂದು ಹನ್ನೆರಡಕ್ಕೆ ಅಕ್ಕನಿಗೆ ಆಪರೇಷನ್. ನನಗೆ ಅವಳು, ಅವಳಿಗೆ ನಾನು, ಬೇರೆ ಯಾರೂ ಇಲ್ಲ. ಒಳಗೆ ಕರೆದೊಯ್ಯುವ ಮುಂಚೆ ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದೆ. ವಾರದ ಹಿಂದೆ ಕೊಟ್ಟ ರಜೆ ಚೀಟಿ ಬೃಹಸ್ಪತಿಯ ನೀರಿನ ಲೋಟದ ಕೆಳಗೆ ಒದ್ದೆಯಾಗಿ ಬಿದ್ದಿತ್ತು.

"ರಜೆ ಗಿಜೆ ಆಗಲ್ಲಮ್ಮ. ಇವತ್ತು 'ಡಿ' ಅಕ್ಷರ ಪ್ರೆಸ್ಸಿಗೆ ಹೋಗ್ಬೇಕು. ಕೆಲಸ ಮಾಡೋರ ಅಭಾವ. ಇಂಗ್ಲಿಷಲ್ಲಿ ಡರ್ತ್ ಅಂತಾರೆ, ಗೊತ್ತಾ? ಡಿಯರ್ ಅನ್ನೋದ್ರಿಂದ ಬಂದಿದ್ದು. ಮೊದಲು ಬರೀ ದುಬಾರಿ ಅಂತ ಅರ್ಥ. ಕಾಳುಕಡ್ಡಿ ದುಬಾರಿ ಆಗೋದು ಸಿಗದೇ ಇದ್ದಾಗ ತಾನೇ? ಹಾಗಾಗಿ ಅಭಾವ ಅನ್ನೋ ಅರ್ಥ ಬಂತು."

ಗೊತ್ತಿತ್ತು. ಆ ಟಿಪ್ಪಣಿ ಬರೆದವಳೇ ನಾನು. ಅದನ್ನೂ ಅವರು ಓದಿರಲಿಲ್ಲ. ಹಿಂದಿನ ದಿನ ಯಾರಿಗೋ ನಾನು ವಿವರಿಸುವಾಗ ಕೇಳಿಸಿಕೊಂಡಿದ್ದರು. ಕೆಲಸ ಮಾಡುವವರ ಅಭಾವವಂತೆ! ಕಿಟಕಿಯ ಪಕ್ಕದಲ್ಲಿ ಅವರ ಭಾಮೈದ, ಹೆಸರಿಗೆ ಉಪಸಂಪಾದಕ, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಉಗುರು ಕತ್ತರಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

ನಮ್ಮ ನಿಘಂಟಿನಲ್ಲಿ ಪ್ರತಿ ಪದಕ್ಕೂ ಒಂದು ಉದಾಹರಣೆ ವಾಕ್ಯ ಇರಲೇಬೇಕು. ಡರ್ತ್‌ನದು ಇನ್ನೂ ಖಾಲಿ ಇತ್ತು. ಬರೆದೆ: 'ಕೆಲಸ ಮಾಡುವವರ ಅಭಾವವಿರುವ ಕಚೇರಿಯಲ್ಲಿ ಸಂಪಾದಕರ ಭಾಮೈದ ಉಗುರು ಕತ್ತರಿಸುತ್ತ ಕೂತಿದ್ದಾನೆ.' ಪುಟವನ್ನು ಮುದ್ರಿಸಿ ಮುಂದಿಟ್ಟೆ. ಬೃಹಸ್ಪತಿ ಫೋನಿನಲ್ಲಿ ಹರಟುತ್ತಲೇ ಸಹಿ ಹಾಕಿದರು. ಪುಟಗಳ ಕಟ್ಟು ಒಯ್ಯಲು ಪ್ರೆಸ್ಸಿನ ಮಾಲೀಕ ಬಾಗಿಲಲ್ಲೇ ನಿಂತಿದ್ದ.

"ಸರ್, ಸಹಿ ಹಾಕಿದ್ದನ್ನ ಒಂದ್ಸಲ ಓದ್ಬಿಡಿ."

ಓದಿದರು. ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಏನ್ರೀ ಇದು! ತೆಗೀರಿ! ಬೇರೆ ವಾಕ್ಯ ಹಾಕಿ!"

"ನಾಳೆ ಬಂದು ಹಾಕ್ತೀನಿ. ಅವಸರ ಇದ್ರೆ ನಿಮ್ಮ ಭಾಮೈದ ಹಾಕ್ಲಿ, ಕೂತೇ ಇದ್ದಾರಲ್ಲ."

ಭಾಮೈದ ಕಾಲು ಕೆಳಗಿಳಿಸಿ ನನ್ನ ಮೇಜಿನ ಬಳಿ ಬಂದು ಕಂಪ್ಯೂಟರಿನ ಸುತ್ತಲೂ ನೋಡಿದ. "ಭಾವ, ಇದನ್ನ ಆನ್ ಮಾಡೋದೆಲ್ಲಿ?" ಅಂದ. ಅದು ಆನ್ ಆಗಿಯೇ ಇತ್ತು.

ಚೀಲ ಹೆಗಲಿಗೇರಿಸಿ ಹೊರಟೆ. ಬೃಹಸ್ಪತಿ ಮೆಟ್ಟಿಲವರೆಗೂ ಬಂದರು. ದನಿ ಬೆಣ್ಣೆಯಾಗಿತ್ತು. "ನಿಮ್ಮಂಥವರು ಸಿಗೋದೇ ಕಷ್ಟ ಕಣಮ್ಮ. ಒಂದರ್ಧ ಗಂಟೆ ಇದ್ದು ಹೋಗಿ."

ಕೈಗೆ ಸಿಗುತ್ತಿದ್ದ ಹನ್ನೊಂದು ವರ್ಷ ನಾನು ಲೋಟದ ಕೆಳಗಿನ ಚೀಟಿ. ನಾಲ್ಕು ಮೆಟ್ಟಿಲು ಇಳಿದದ್ದೇ ತಡ, ದುಬಾರಿಯಾದೆ. ಥೂ, ಎಂಥ ಜನ! ಹಿಂತಿರುಗಿ ನೋಡಲಿಲ್ಲ.

ನಾನು ಆಸ್ಪತ್ರೆ ತಲುಪಿದಾಗ ಅಕ್ಕನನ್ನು ಮಲಗಿಸಿದ್ದ ತಳ್ಳುಗಾಡಿ ಆಪರೇಷನ್ ಕೋಣೆಯ ಬಾಗಿಲಿಗೆ ಬಂದುಬಿಟ್ಟಿತ್ತು. ಓಡಿಹೋಗಿ ಕೈ ಹಿಡಿದುಕೊಂಡೆ. ತಣ್ಣಗಿತ್ತು.

"ರಜೆ ಕೊಟ್ರೇನೇ?" ಅಂದಳು.

"ಇಲ್ಲ ಅಕ್ಕ. ನಾನೇ ತಗೊಂಡೆ."

ಅವಳು ನನ್ನ ಕೈ ಬಿಗಿಯಾಗಿ ಒತ್ತಿದಳು. ಆಮೇಲೆ ಬಾಗಿಲು ತೆರೆಯಿತು.